ಹೌದಾ, ಅಲ್ವಾ? ಒಂದೇ ಮಾತಲ್ಲಿ ಹೇಳಿ!

ರಾತ್ರಿ ಒಂಬತ್ತರ ಚರ್ಚೆಯ ನಿರೂಪಕ ಮಹಾಶಯರ ಸನ್ನಿಧಿಗೆ, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕನೊಬ್ಬನ ಗೌರವಪೂರ್ವಕ ನಮಸ್ಕಾರಗಳು.

ಮಾನ್ಯರೇ,

ತಾವು ಯಾವುದೋ ಒಂದು ವಾಹಿನಿಯ ಒಬ್ಬರೇ ವ್ಯಕ್ತಿಯಲ್ಲ. ರಿಮೋಟ್ ಒತ್ತಿದರೆ ಕೋಟಿನ ಬಣ್ಣ ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಆದ್ದರಿಂದ ಈ ಪತ್ರ ತಮ್ಮೆಲ್ಲರಿಗೂ ಸೇರಿದ್ದು.

ಮೊದಲು ಕೃತಜ್ಞತೆ ಸಲ್ಲಿಸಿಬಿಡುತ್ತೇನೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ಲ್ಯಾಂಡರ್ ಚಂದ್ರನ ನೆಲ ಮುಟ್ಟುವಾಗ ತಾವು ನಾಡಿನ ಮನೆಮನೆಯನ್ನೂ ಪೀಣ್ಯದ ಇಸ್ರೋ ನಿಯಂತ್ರಣ ಕೇಂದ್ರದೊಳಕ್ಕೆ ಕರೆದೊಯ್ದಿರಿ. ಒಲೆ ಆರಿಸಿ ಬಂದು ಕೂತವರು, ಅಂಗಡಿಗೆ ಅರ್ಧ ಬಾಗಿಲು ಹಾಕಿ ನಿಂತವರು ಎಷ್ಟೋ ಜನ. ವಿಜ್ಞಾನಕ್ಕಾಗಿ ಇಡೀ ಬೀದಿ ಉಸಿರು ಬಿಗಿಹಿಡಿದದ್ದನ್ನು ತಮ್ಮಿಂದಾಗಿ ಕಂಡೆ, ಆ ಉಪಕಾರವನ್ನು ಮರೆಯಲಾರೆ. ಅಂದು ರಾತ್ರಿಯ ಚರ್ಚೆಯಲ್ಲಿ ಬಿಟ್ಟುಹೋದ ಒಂದು ಸಂಗತಿಯನ್ನು ಮಾತ್ರ ಅರಿಕೆ ಮಾಡಿಕೊಳ್ಳುತ್ತೇನೆ. 2019ರಲ್ಲಿ ಇಳಿಯಲಾಗದೆ ಬಿದ್ದ ಹಿಂದಿನ ಲ್ಯಾಂಡರ್ ವಿಕ್ರಮನಿಗೆ ಗೊತ್ತುಮಾಡಿದ್ದ ಜಾಗ 500 ಮೀಟರ್ ಉದ್ದ, ಅಷ್ಟೇ ಅಗಲ. ಎರಡನೆಯ ಸಲ ಅದನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಇಂಧನ ಹೆಚ್ಚಿಸಿದರು, ಕಾಲುಗಳನ್ನು ಗಟ್ಟಿ ಮಾಡಿದರು. ಏನೇನು ಸರಿಹೋದರೆ ಇಳಿಯುತ್ತದೆ ಎಂದು ಲೆಕ್ಕ ಹಾಕುವುದನ್ನು ಬಿಟ್ಟು, ಏನೇನು ಕೆಡಬಹುದು ಎಂದು ಪಟ್ಟಿ ಮಾಡಿ, ಕೆಟ್ಟರೂ ಇಳಿಯುವಂತೆ ಕಟ್ಟಿದರು. ತಮಗೆ ಏನು ಗೊತ್ತಿಲ್ಲ ಎಂಬುದನ್ನು ಅಳೆದು, ಆ ಅಳತೆಗೆ ತಕ್ಕಷ್ಟು ಜಾಗ ಬಿಟ್ಟಿದ್ದರಿಂದ ಇಳಿದ ನೌಕೆ ಅದು. ತಾವು ಅದನ್ನು ‘ನೂರಕ್ಕೆ ನೂರು ಖಚಿತ ವಿಜ್ಞಾನ’ದ ಗೆಲುವೆಂದು ಸಾರಿದಿರಿ. ಮರುವಾರ ಅದೇ ಕುರ್ಚಿಯಲ್ಲಿ ಮಳೆ ವಿಜ್ಞಾನಿಯೊಬ್ಬರು ಕೂತು ‘ಸಾಧ್ಯತೆ ಇದೆ’ ಎಂದಾಗ, ಸಾಧ್ಯತೆ ಬೇಡ ಸಾರ್, ಬರುತ್ತಾ ಬರಲ್ವಾ, ಒಂದೇ ಮಾತಲ್ಲಿ ಹೇಳಿ ಎಂದು ತಡೆದಿರಿ.

ಗ್ರಹಣದ ದಿನಗಳಲ್ಲಿ ಖಗೋಳ ಬಲ್ಲವರನ್ನು ಸ್ಟುಡಿಯೋಕ್ಕೆ ಕರೆಸುವುದಕ್ಕೂ ನಾನು ಋಣಿ. 1980ರ ಫೆಬ್ರವರಿ 16ರಂದು ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಮೇಲೆ ಪೂರ್ಣ ಸೂರ್ಯಗ್ರಹಣದ ನೆರಳು ಹಾದುಹೋದಾಗ ಬೀದಿಗಳು ಬಿಕೋ ಎನ್ನುತ್ತಿದ್ದವು. 2019ರ ಡಿಸೆಂಬರ್ 26ರ ಬೆಳಗ್ಗೆ ಮಂಗಳೂರಿನಲ್ಲೂ ಕೊಡಗಿನ ದಕ್ಷಿಣದ ಅಂಚಿನಲ್ಲೂ ಬಳೆಯಂಥ ಸೂರ್ಯನನ್ನು ನೋಡಲು ಮಕ್ಕಳು ಕನ್ನಡಕ ಹಿಡಿದು ನಿಂತಿದ್ದರು. ಈ ಬದಲಾವಣೆಯಲ್ಲಿ ತಮ್ಮ ಪಾಲೂ ಇದೆ. ಆದರೆ ಖಗೋಳ ಬಲ್ಲವರ ಪಕ್ಕದಲ್ಲೇ ಜ್ಯೋತಿಷಿಯೊಬ್ಬರನ್ನು ಕೂರಿಸಿ ಇಬ್ಬರಿಗೂ ಸಮಾನ ಸಮಯ ಕೊಡುತ್ತೀರಿ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಗ್ರಹಣ ಹಿಡಿಯುವ ಕ್ಷಣವನ್ನು ಸೆಕೆಂಡಿನ ಲೆಕ್ಕದಲ್ಲಿ ಹೇಳಿದ ವಿಜ್ಞಾನವೇ ಮಳೆಯನ್ನೂ ಭೂಕಂಪವನ್ನೂ ರೋಗವನ್ನೂ ಹಾಗೇ ಹೇಳಬೇಕು ಎಂಬ ನಿರೀಕ್ಷೆಯನ್ನು ಜನರಲ್ಲಿ ಬಿತ್ತಿದವರು ತಾವು. ಚಂದ್ರನ ದಾರಿಯನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕೆಲವೇ ಕಾಯಗಳ ಸೆಳೆತ. ಮುಂಗಾರಿನ ದಾರಿಯನ್ನು ಪೆಸಿಫಿಕ್ ಸಾಗರದ ಬಿಸಿಯಿಂದ ಹಿಡಿದು ಹಿಂದೂ ಮಹಾಸಾಗರದ ತಾಪ, ಹಿಮಾಲಯದ ಹಿಮದವರೆಗೆ ಹತ್ತಾರು ಸಂಗತಿಗಳು ತಳ್ಳುತ್ತವೆ, ಎಳೆಯುತ್ತವೆ. ಭೂಕಂಪದ ದಿನವನ್ನಂತೂ ಜಗತ್ತಿನ ಯಾವ ಪ್ರಯೋಗಾಲಯವೂ ಹೇಳಲಾರದು. ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟು ಒಂದೇ ಪ್ರಶ್ನೆ ಕೇಳಿದರೆ ಒಂದು ದೇವರಂತೆಯೂ ಇನ್ನೆರಡು ಮೋಸದಂತೆಯೂ ಕಾಣುತ್ತವೆ.

ಮಳೆಯ ವಿಷಯದಲ್ಲಿ ತಾವು ರೈತರಿಗೆ ತೋರುವ ಕಾಳಜಿ ನನ್ನ ಮನಸ್ಸಿಗೆ ತಟ್ಟಿದೆ. ಒಡೆದ ಕೆರೆಯಂಗಳದಲ್ಲಿ ನಿಂತು ತಮ್ಮ ವರದಿಗಾರರು ಮಾತಾಡುವಾಗ ಅದು ನಾಟಕ ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಅದಕ್ಕೇ 2023ರ ಏಪ್ರಿಲ್ ತಿಂಗಳನ್ನು ತಮಗೆ ನೆನಪಿಸಬೇಕಾಗಿದೆ. ಭಾರತೀಯ ಹವಾಮಾನ ಇಲಾಖೆ ಏಪ್ರಿಲ್ 11ರಂದು ತನ್ನ ಮೊದಲ ಮುನ್ಸೂಚನೆ ಹೊರಡಿಸಿತು. ದೇಶದ ಒಟ್ಟು ಮುಂಗಾರು ಮಳೆ ದೀರ್ಘಾವಧಿ ಸರಾಸರಿಯ ಶೇ 96, ಐದು ಶೇಕಡಾ ಹೆಚ್ಚು ಕಡಿಮೆ. ‘ಈ ವರ್ಷ ಸಾಮಾನ್ಯ ಮುಂಗಾರು, ರೈತರಿಗೆ ಸಿಹಿಸುದ್ದಿ’ ಎಂಬ ಪಟ್ಟಿ ತೆರೆಯ ಕೆಳಗೆ ಓಡಿತು. ಇಲಾಖೆಯ ಪ್ರಕಟಣೆಯೂ ಸಾಮಾನ್ಯ ಎಂದೇ ಶುರುವಾಗಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದರ ಜೊತೆಗೇ ಐದು ಸಾಲಿನ ಒಂದು ಕೋಷ್ಟಕವಿತ್ತು. ಮಳೆ ತೀರಾ ಕೊರತೆಯಾಗುವ ಸಾಧ್ಯತೆ ಶೇ 22. ಸಾಮಾನ್ಯಕ್ಕಿಂತ ಕಡಿಮೆಯಾಗುವ ಸಾಧ್ಯತೆ ಶೇ 29. ಸಾಮಾನ್ಯವಾಗುವ ಸಾಧ್ಯತೆ ಶೇ 35. ಸಾಮಾನ್ಯಕ್ಕಿಂತ ಹೆಚ್ಚಾಗುವುದು ಶೇ 11, ಅತಿಯಾಗುವುದು ಶೇ 3. ಮೊದಲ ಎರಡು ಸಾಲನ್ನು ಕೂಡಿ ನೋಡಿ: 51. ‘ಸಾಮಾನ್ಯ ಮುಂಗಾರು’ ಎಂದು ತಾವು ಸಾರಿದ ಆ ಕಾಗದವೇ, ಮಳೆ ಸಾಮಾನ್ಯಕ್ಕಿಂತ ಕಡಿಮೆಯಾಗುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಎಂದೂ ಹೇಳುತ್ತಿತ್ತು. ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೊ ತಲೆದೋರುವ ಸಂಭವವಿದೆ ಎಂಬ ಎಚ್ಚರಿಕೆಯೂ ಅದರಲ್ಲಿತ್ತು.

ಆಮೇಲೆ ಏನಾಯಿತು ಎಂಬುದು ತಮಗೇ ಗೊತ್ತು. ಆ ಆಗಸ್ಟ್, 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಯಿತು. ಋತು ಮುಗಿದಾಗ ದೇಶದ ಲೆಕ್ಕ ಶೇ 94ಕ್ಕೆ ನಿಂತಿತು. 96ರ ಆಚೀಚೆ ಐದು ಎಂದವರ ಮಾತಿನ ಒಳಗೇ ಅದು ಬಿತ್ತು. ದೇಶದ ಸರಾಸರಿ ಯಾವ ತಾಲ್ಲೂಕಿನ ಹೊಲಕ್ಕೂ ಹನಿ ಸುರಿಸುವುದಿಲ್ಲ ಎಂಬುದು ಬೇರೆ ಮಾತು. ನಮ್ಮ ರಾಜ್ಯದಲ್ಲಿ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಆಗ ತಾವು ಅದೇ ಇಲಾಖೆಯ ಮೇಲೆ ಮುಗಿಬಿದ್ದಿರಿ: ‘ಸಾಮಾನ್ಯ ಮಳೆ ಅಂದಿದ್ರಲ್ಲ, ಎಲ್ಲಿ?’ ಮಾನ್ಯರೇ, 51ನ್ನು ಅವರು ಕೊಟ್ಟಿದ್ದರು. ಅದನ್ನು ಕತ್ತರಿಸಿ ಎಸೆದದ್ದು ತಮ್ಮ ಸಂಕಲನದ ಕೊಠಡಿ. ಬೀಜಕ್ಕೆ, ಗೊಬ್ಬರಕ್ಕೆ ಸಾಲ ಮಾಡಿದವನಿಗೆ ತಲುಪಬೇಕಾಗಿದ್ದ ಅಂಕಿ ಅದೊಂದೇ ಆಗಿತ್ತು. ಮಳೆ ಕೈಕೊಟ್ಟದ್ದಕ್ಕಿಂತ ಈ ಸಂಗತಿ ನನಗೆ ಹೆಚ್ಚು ನೋವು ಕೊಟ್ಟಿದೆ. ಮಳೆ ಯಾರ ಕೈಯಲ್ಲೂ ಇಲ್ಲ, ಆ ಅಂಕಿ ತಮ್ಮ ಕೈಯಲ್ಲಿತ್ತು.

ಜನರಿಗೆ ಈ ಶೇಕಡಾ ಲೆಕ್ಕವೆಲ್ಲ ಅರ್ಥವಾಗುವುದಿಲ್ಲ, ನೇರವಾಗಿ ಹೇಳಬೇಕು ಎಂದು ತಾವು ಅನೇಕ ಸಲ ಅಪ್ಪಣೆ ಕೊಡಿಸಿದ್ದೀರಿ. ನಮ್ಮ ಮೇಲಿನ ಕನಿಕರಕ್ಕೆ ವಂದನೆ. ಆದರೆ ಹಳೆ ಮೈಸೂರು ಸೀಮೆಯ ರಾಗಿ ಹೊಲವನ್ನು ತಾವು ನೋಡಿರಬೇಕಲ್ಲ? ರಾಗಿಯ ನಡುವೆ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಹಾಕುತ್ತಾರೆ. ಮಳೆ ಮುಂದಾದರೆ ಒಂದು ಕೈಗೆ ಬರುತ್ತದೆ, ಹಿಂದಾದರೆ ಇನ್ನೊಂದು, ರಾಗಿ ಹೋದರೂ ತೊಗರಿ ಉಳಿಯುತ್ತದೆ. ಮಳೆ ಖಚಿತವಿಲ್ಲ ಎಂಬುದನ್ನು ಒಪ್ಪಿಕೊಂಡು, ಆ ಖಚಿತವಿಲ್ಲದ ಮಳೆಗೆ ಬೇಸಾಯವನ್ನು ಹೊಂದಿಸಿಕೊಂಡ ಜನ ಇವರು. ಸಾಧ್ಯತೆ ಎಂದರೇನು ಎಂಬುದನ್ನು ಅವರಿಗೆ ಕಲಿಸಬೇಕಾಗಿಲ್ಲ, ಅವರಿಂದ ಮುಚ್ಚಿಡದಿದ್ದರೆ ಸಾಕು. ಪಟ್ಟಣದವರೂ ಅಷ್ಟೇ. ಮೇ ತಿಂಗಳಲ್ಲಿ ಮಗಳ ಮದುವೆಗೆ ಶಾಮಿಯಾನ ಹಾಕಿಸಬೇಕೋ ಕಲ್ಯಾಣ ಮಂಟಪ ಹಿಡಿಯಬೇಕೋ ಎಂದು ತೂಗಿ ನೋಡುವ ತಂದೆ ಶೇಕಡಾ ಲೆಕ್ಕವನ್ನೇ ಮಾಡುತ್ತಿರುತ್ತಾನೆ. ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಬುಧವಾರದ ಉಪನ್ಯಾಸಗಳಿಗೆ ಸಾಮಾನ್ಯ ಜನ ದಶಕಗಳ ಕಾಲ ಬಂದು ಕೂತರು. ‘ಇದು ನಮಗಿನ್ನೂ ಗೊತ್ತಿಲ್ಲ’ ಎಂದ ಭಾಷಣಕಾರರನ್ನು ಅಲ್ಲಿ ಯಾರೂ ಎಬ್ಬಿಸಿ ಕಳಿಸಲಿಲ್ಲ.

ಪ್ರಯೋಗಾಲಯದಲ್ಲಿ ನಾನು ಬಹುಕಾಲ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವ ಪ್ರಯೋಗದಲ್ಲಿ ಉತ್ತರ 9.8 ಬರಬೇಕು ಎಂಬುದು ಹುಡುಗರಿಗೆ ಮೊದಲೇ ಗೊತ್ತಿರುತ್ತದೆ. ಅಳೆದಾಗ 9.5 ಬಂದರೆ ಎಷ್ಟೋ ಜನ ರೀಡಿಂಗ್ ತಿದ್ದಿ 9.8 ಮಾಡಿ ತರುತ್ತಾರೆ. ಅವರ ನಡುವೆ ಒಬ್ಬಳು 9.5 ಎಂದೇ ಬರೆದು, ದಾರದ ಉದ್ದ ಅಳೆಯುವಾಗ ಇಷ್ಟು, ಸ್ಟಾಪ್‌ವಾಚ್ ಒತ್ತುವಾಗ ಇಷ್ಟು ತಪ್ಪಿರಬಹುದು ಎಂದು ಪಕ್ಕದಲ್ಲಿ ಲೆಕ್ಕ ಹಾಕಿ ತಂದರೆ, ಆ ಪುಟದಲ್ಲಿ ವಿಜ್ಞಾನ ನಡೆದಿದೆ ಎಂದರ್ಥ. ತಮ್ಮ ಸ್ಟುಡಿಯೋಕ್ಕೆ ಬರುವ ವಿಜ್ಞಾನಿಗಳು ಅವಳಂತೆ ಲೆಕ್ಕ ತರುತ್ತಾರೆ. ರೀಡಿಂಗ್ ತಿದ್ದಿ ತಾ ಎಂದು ತಾವು ಅವರನ್ನು ಹಿಂದಕ್ಕೆ ಕಳಿಸುತ್ತೀರಿ.

‘ನಿನ್ನೆ ಒಂದು ಹೇಳ್ತೀರಿ, ಇವತ್ತು ಇನ್ನೊಂದು ಹೇಳ್ತೀರಿ, ಜನ ಯಾರನ್ನ ನಂಬಬೇಕು?’ ಇದು ತಮ್ಮ ಇನ್ನೊಂದು ಪ್ರಶ್ನೆ. ನ್ಯಾಯವಾದ ಪ್ರಶ್ನೆ, ಕೇಳಿದ್ದಕ್ಕೆ ಕೃತಜ್ಞ. ಉತ್ತರ ಕೇಳಲು ಮಾತ್ರ ತಮಗೆ ಪುರುಸೊತ್ತಾಗಲಿಲ್ಲ. 2002ರಲ್ಲಿ ಹವಾಮಾನ ಇಲಾಖೆ ಶೇ 101 ಮಳೆ ಎಂದಿತು, ಬಿದ್ದದ್ದು ಶೇ 81. ಜುಲೈ ತಿಂಗಳಲ್ಲಿ ಅರ್ಧದಷ್ಟು ಮಳೆಯೇ ಇಲ್ಲ. ಹದಿನಾರು ಅಂಶಗಳನ್ನು ಜೋಡಿಸಿ ಮಾಡಿದ್ದ, ಹಲವು ವರ್ಷ ಚೆನ್ನಾಗಿಯೇ ನಡೆದಿದ್ದ ಲೆಕ್ಕದ ವಿಧಾನವನ್ನು ಇಲಾಖೆ ಮರುವರ್ಷವೇ ಕೈಬಿಟ್ಟು ಹೊಸದನ್ನು ತಂದಿತು. ಸೋತ ವಿಧಾನವನ್ನು ಬಹಿರಂಗವಾಗಿ ಕೈಬಿಟ್ಟವರನ್ನು ನಂಬದಿದ್ದರೆ ಇನ್ಯಾರನ್ನು ನಂಬುವುದು? ತಮ್ಮ ಸ್ಟುಡಿಯೋದ ಜ್ಯೋತಿಷಿಗಳಲ್ಲಿ ಯಾರಾದರೂ, ಹೇಳಿದ್ದು ತಪ್ಪಿತೆಂದು ತಮ್ಮ ವಿಧಾನವನ್ನು ಬಿಟ್ಟದ್ದುಂಟೇ? ಅವರು ಮಾತು ಬದಲಿಸದಿರುವುದನ್ನು ತಾವು ಸ್ಥಿರತೆ ಎಂದು ಮೆಚ್ಚುತ್ತೀರಿ, ವಿಜ್ಞಾನಿ ಬದಲಿಸಿದರೆ ಗೊಂದಲ ಎನ್ನುತ್ತೀರಿ.

ಕೊರೊನಾ ಕಾಲದಲ್ಲಿ ಇದರ ಬೆಲೆಯನ್ನು ಜನ ತೆತ್ತರು. ಗುಣವಾದವರ ರಕ್ತದ ಪ್ಲಾಸ್ಮಾ ಕೊಟ್ಟರೆ ರೋಗಿ ಬದುಕುತ್ತಾನೆ ಎಂಬ ಆಸೆ 2020ರಲ್ಲಿ ಹುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಅದನ್ನು ಒರೆಗೆ ಹಚ್ಚಿತು. ಅರ್ಧದಷ್ಟು ಜನರಿಗೆ ಪ್ಲಾಸ್ಮಾ, ಉಳಿದವರಿಗೆ ಮಾಮೂಲಿ ಚಿಕಿತ್ಸೆ. ರೋಗ ವಿಷಮಿಸುವುದನ್ನಾಗಲಿ ಸಾವನ್ನಾಗಲಿ ಅದು ತಪ್ಪಿಸಲಿಲ್ಲ ಎಂಬ ಫಲಿತಾಂಶ ಅದೇ ವರ್ಷ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಅಂಥ ಗಾಬರಿಯ ನಡುವೆ ನಮ್ಮ ದೇಶದ ವೈದ್ಯರು ಇಷ್ಟು ಶಿಸ್ತಿನ ಪರೀಕ್ಷೆ ಮಾಡಿ ಮುಗಿಸಿದ್ದು ಹೆಮ್ಮೆಯ ಸಂಗತಿ, ಅದಕ್ಕೊಂದು ರಾತ್ರಿಯ ಚರ್ಚೆ ಸಲ್ಲಬೇಕಿತ್ತು. ಬದಲಿಗೆ 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದಾಗ ಪ್ಲಾಸ್ಮಾ ದಾನಿಗಳು ಬೇಕಾಗಿದ್ದಾರೆ ಎಂಬ ಮೊರೆಗಳು ತಮ್ಮ ತೆರೆಯ ಮೇಲೆ ಹಗಲಿರುಳು ಓಡಿದವು. ಸಹಾಯ ಮಾಡಬೇಕೆಂಬ ತಮ್ಮ ಹಂಬಲ ಶುದ್ಧವಾಗಿತ್ತು. ಅಪ್ಪನಿಗಾಗಿ ಅಮ್ಮನಿಗಾಗಿ ರಕ್ತದ ಗುಂಪು ಹೊಂದುವ ದಾನಿಯನ್ನು ಹುಡುಕುತ್ತ ಊರೂರು ಅಲೆದ ಮಕ್ಕಳ ಹಂಬಲವೂ ಶುದ್ಧವಾಗಿತ್ತು. ಉಪಯೋಗವಿಲ್ಲ ಎಂಬುದು ಆರು ತಿಂಗಳ ಹಿಂದೆಯೇ ಅಚ್ಚಾಗಿತ್ತು. ಮೇ ತಿಂಗಳಲ್ಲಿ ಮಂಡಳಿ ತನ್ನ ಚಿಕಿತ್ಸಾ ಸೂಚಿಯಿಂದ ಪ್ಲಾಸ್ಮಾವನ್ನು ತೆಗೆದುಹಾಕಿದಾಗ ತಮ್ಮ ಪಟ್ಟಿ ಹೀಗೆ ಓಡಿತು: ‘ಮತ್ತೆ ಉಲ್ಟಾ ಹೊಡೆದ ತಜ್ಞರು’.

ಈಗ ತಮ್ಮ ತಾಳ್ಮೆಯನ್ನು ಬೇಡುತ್ತೇನೆ, ಏಕೆಂದರೆ ಮುಂದಿನ ಮಾತು ನನಗೆ ಎಲ್ಲಕ್ಕಿಂತ ಮುಖ್ಯ. ಜನರಲ್ಲಿ ಧೈರ್ಯ ತುಂಬುವುದು ತಮ್ಮ ಕರ್ತವ್ಯವೆಂದು ತಾವು ನಂಬಿದ್ದೀರಿ. 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲ ಮತ್ತೆ ಮತ್ತೆ ನಡುಗಿ ಜನ ಮನೆ ಬಿಟ್ಟು ಹೊರಗೆ ಮಲಗಿದಾಗ, ‘ದೊಡ್ಡದು ಆಗಲ್ಲ ಅಂತ ಖಚಿತವಾಗಿ ಹೇಳಿ ಸಾರ್, ಜನ ಹೆದರಿದ್ದಾರೆ’ ಎಂದು ತಾವು ಭೂವಿಜ್ಞಾನಿಯನ್ನು ಒತ್ತಾಯಿಸಿದಿರಿ. ಕನಿಕರದಿಂದಲೇ ಕೇಳಿದಿರಿ. ಆದರೆ ಅಲ್ಲಿಂದ ಬಹಳ ದೂರವಿಲ್ಲದ ಕಿಲ್ಲಾರಿಯನ್ನು ನೆನೆಯಿರಿ. 1992ರಲ್ಲಿ ಅಲ್ಲಿಯೂ ಹೀಗೆಯೇ ತಿಂಗಳುಗಟ್ಟಲೆ ಸಣ್ಣ ಕಂಪನಗಳಾದವು. ದಖ್ಖನ್ ಪ್ರಸ್ಥಭೂಮಿ ಅಲುಗದ ನೆಲವೆಂದೇ ಆಗಿನ ತಿಳಿವಳಿಕೆ, ಭೂಕಂಪದ ನಕ್ಷೆಯಲ್ಲಿ ಅದು ಅತಿ ಕಡಿಮೆ ಅಪಾಯದ ಮೊದಲ ವಲಯ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಬಿಟ್ಟು ಬಂದು ಮಲಗಿದ್ದ ಊರುಗಳ ಮೇಲೆ ಕಲ್ಲಿನ ಗೋಡೆಗಳೂ ಮಣ್ಣಿನ ಮಾಳಿಗೆಗಳೂ ಕುಸಿದು ಸಾವಿರಾರು ಜನ ಹೋದರು. ಆ ಮೊದಲ ವಲಯವನ್ನೇ 2002ರ ಹೊಸ ನಕ್ಷೆಯಿಂದ ತೆಗೆದುಹಾಕಿದರು.

ಇಟಲಿಯ ಲಾಕ್ವಿಲಾ ಪಟ್ಟಣದ್ದು ಇನ್ನೂ ಕಹಿಯಾದ ಕಥೆ. 2009ರ ಆರಂಭದ ತಿಂಗಳುಗಳಲ್ಲಿ ಅಲ್ಲಿ ನೆಲ ನಡುಗುತ್ತಲೇ ಇತ್ತು. ಮಾರ್ಚ್ 31ರಂದು ತಜ್ಞರ ಸಭೆ ನಡೆಯಿತು. ದೊಡ್ಡ ಕಂಪನದ ಸಂಭವ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲಾಗದು ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಆದರೆ ನಾಗರಿಕ ರಕ್ಷಣೆಯ ಅಧಿಕಾರಿಯೊಬ್ಬರು ಕ್ಯಾಮೆರಾ ಮುಂದೆ ಅಪಾಯವಿಲ್ಲ ಎಂದರು, ಸಣ್ಣ ಕಂಪನಗಳಲ್ಲಿ ಶಕ್ತಿ ಸೋರಿಹೋಗುತ್ತಿರುವುದು ಒಳ್ಳೆಯದೇ ಎಂದರು. ಹಾಗಾದರೆ ಒಂದು ಲೋಟ ವೈನ್ ಕುಡಿದು ನಿಶ್ಚಿಂತೆಯಾಗಿರೋಣವೇ ಎಂಬ ಪತ್ರಕರ್ತರ ಪ್ರಶ್ನೆಗೆ ಖಂಡಿತ ಎಂದು ಉತ್ತರಿಸಿದರು. ನೆಲ ನಡುಗಿದರೆ ರಾತ್ರಿ ಬಯಲಲ್ಲಿ ಕಳೆಯುವುದು ಆ ಊರಿನ ಹಿರಿಯರ ವಾಡಿಕೆಯಾಗಿತ್ತು. ಏಪ್ರಿಲ್ 5ರ ರಾತ್ರಿ ಕಂಪನವಾದಾಗ, ಟಿವಿಯಲ್ಲಿ ಕೇಳಿದ ಧೈರ್ಯವನ್ನು ನಂಬಿ ಹಲವರು ಮನೆಯೊಳಗೇ ಉಳಿದರು. ನಸುಕಿನ 3 ಗಂಟೆ 32 ನಿಮಿಷಕ್ಕೆ 6.3 ತೀವ್ರತೆಯ ಭೂಕಂಪ ಅಪ್ಪಳಿಸಿತು. 309 ಜನ ಸತ್ತರು. 2012ರಲ್ಲಿ ಆರು ವಿಜ್ಞಾನಿಗಳಿಗೂ ಆ ಅಧಿಕಾರಿಗೂ ಆರಾರು ವರ್ಷ ಶಿಕ್ಷೆಯಾಯಿತು. 2014ರ ಮೇಲ್ಮನವಿಯಲ್ಲಿ ವಿಜ್ಞಾನಿಗಳು ಆರೋಪಮುಕ್ತರಾದರು, ಅಧಿಕಾರಿಯ ಶಿಕ್ಷೆ ಎರಡು ವರ್ಷಕ್ಕಿಳಿಯಿತು. ಭೂಕಂಪವನ್ನು ಮೊದಲೇ ಹೇಳದ ವಿಜ್ಞಾನಿಗಳಿಗೆ ಜೈಲು ಎಂದು ಜಗತ್ತಿನ ಪತ್ರಿಕೆಗಳು ಬರೆದವು. ಮೊಕದ್ದಮೆ ಇದ್ದದ್ದು ಅದಕ್ಕಲ್ಲ, ಇಲ್ಲದ ಖಚಿತತೆಯನ್ನು ಜನರಿಗೆ ಕೊಟ್ಟದ್ದಕ್ಕೆ. ತಾವು ಗಡಿಕೇಶ್ವರದ ಜನರಿಗಾಗಿ ಬೇಡಿದ್ದು ಅದೇ ಸಮಾಧಾನವನ್ನು. ‘ಹಾಗೆ ಹೇಳಲು ಬರುವುದಿಲ್ಲ’ ಎಂದು ಪಟ್ಟು ಹಿಡಿದ ಭೂವಿಜ್ಞಾನಿಯನ್ನು ತಾವು ಜವಾಬ್ದಾರಿಯಿಂದ ನುಣುಚಿಕೊಳ್ಳುವವರು ಎಂದಿರಿ. ಅಂದು ಆ ಸ್ಟುಡಿಯೋದಲ್ಲಿ ಜವಾಬ್ದಾರಿಯಿಂದ ಮಾತಾಡಿದವರು ಅವರೊಬ್ಬರೇ.

ಕೈಮುಗಿದು ಬೇಡುತ್ತೇನೆ, ಭೂಕಂಪದ ವಿಷಯದಲ್ಲಿ ಖಚಿತವಾದದ್ದನ್ನೇ ಕೇಳಬೇಕೆಂದಿದ್ದರೆ ಅದೂ ಇದೆ, ಅದನ್ನು ಕೇಳಿ. ಯಾವ ದಿನ ನಡುಗುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ನಡುಗಿದಾಗ ಯಾವ ಗೋಡೆ ಜನರನ್ನು ಕೊಲ್ಲುತ್ತದೆ ಎಂಬುದು ಚೆನ್ನಾಗಿ ಗೊತ್ತು. ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಭಾರದ ಮಾಳಿಗೆ, ನಾಲ್ಕು ಮೂಲೆಯನ್ನು ಬಿಗಿಯುವ ಪಟ್ಟಿ ಇಲ್ಲದ ಮನೆ. ಅಂಥ ಮನೆಗಳು ಚಿಂಚೋಳಿ, ಆಳಂದ, ಬಸವಕಲ್ಯಾಣದ ಹಳ್ಳಿಗಳಲ್ಲಿ ಇಂದಿಗೂ ಇವೆ. ಅವುಗಳನ್ನು ಭದ್ರಪಡಿಸುವುದು ಹೇಗೆ, ಅದಕ್ಕೆ ಹಣ ಎಲ್ಲಿಂದ, ಸರ್ಕಾರ ಏನು ಮಾಡುತ್ತಿದೆ ಎಂದು ತಾವು ಒಂದೇ ಮಾತಿನ ಉತ್ತರ ಕೇಳಿದರೆ ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ.

ಖಚಿತವಾಗಿ ಹೇಳಬಲ್ಲ ಕಡೆ ವಿಜ್ಞಾನ ಹಿಂಜರಿಯುವುದಿಲ್ಲ ಎಂಬುದಕ್ಕೂ ಒಂದು ಉದಾಹರಣೆ ತಮ್ಮ ಗಮನಕ್ಕೆ. ಭೂಮಿ ಬಿಸಿಯಾಗುತ್ತಿರುವುದು ಮನುಷ್ಯನಿಂದಲೇ ಎಂಬುದನ್ನು ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ 2001ರಲ್ಲಿ ಶೇ 66ಕ್ಕಿಂತ ಹೆಚ್ಚು ಸಾಧ್ಯತೆ ಎಂದಿತು, 2007ರಲ್ಲಿ 90 ಎಂದಿತು, 2013ರಲ್ಲಿ 95 ಎಂದಿತು. 2021ರಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ ಎಂದಿತು. ಆ ಕೊನೆಯ ಮಾತಿಗೆ ಇಪ್ಪತ್ತು ವರ್ಷ ದುಡಿದರು. ಅಷ್ಟು ಕಾದು ಬಂದ ಆ ಮಾತಿಗೆ ತಮ್ಮ ಚರ್ಚೆಯಲ್ಲಿ ಸಿಕ್ಕದ್ದು ಜಾಹೀರಾತಿನ ಮುಂಚಿನ ಅರ್ಧ ನಿಮಿಷ.

ನನ್ನ ಪ್ರಾರ್ಥನೆ ದೊಡ್ಡದೇನಲ್ಲ. ಮುಂದಿನ ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆ ಬಂದ ದಿನ ಐದು ಸಾಲಿನ ಆ ಕೋಷ್ಟಕವನ್ನು ತೆರೆಯ ತುಂಬ ಹಾಕಿ. ದಯವಿಟ್ಟು ಒಬ್ಬ ವಿಜ್ಞಾನಿಯನ್ನು ಕರೆಸಿ, ಪ್ರತಿ ಸಾಲನ್ನೂ ಅವರು ವಿವರಿಸಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ. ಪಕ್ಕದ ಕುರ್ಚಿಗೆ ರಾಗಿ ಹೊಲದ ರೈತರೊಬ್ಬರನ್ನು ಕರೆಯಿರಿ, ಪ್ರಶ್ನೆ ಅವರು ಕೇಳಲಿ. ಜ್ಯೋತಿಷಿಗಳನ್ನು ಬಿಡಲಾಗದು ಎಂದಾದರೆ ಅವರಿಂದಲೂ ಅದೇ ಐದು ಸಾಲು ತುಂಬಿಸಿಕೊಳ್ಳಿ, ಒಟ್ಟು ನೂರು ಬರಬೇಕು. ಮುಂಗಾರಿನ ಲೆಕ್ಕ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಅಕ್ಟೋಬರ್ ಮೊದಲ ವಾರ ಅದೇ ಮೂವರನ್ನೂ ಅದೇ ಕುರ್ಚಿಗಳಲ್ಲಿ ಕೂರಿಸಿ, ಏಪ್ರಿಲ್‌ನ ಎರಡೂ ಹಾಳೆಗಳನ್ನು ಮತ್ತೆ ತೋರಿಸಿ, ಆಮೇಲೆ ತಮಗೆ ಇಷ್ಟವಾದಷ್ಟು ಗಟ್ಟಿ ದನಿಯಲ್ಲಿ ಪ್ರಶ್ನೆ ಕೇಳಿ. ಆ ಎರಡೂ ರಾತ್ರಿ ನಾನು ಬೇರೆ ವಾಹಿನಿಗೆ ಹೋಗುವುದಿಲ್ಲ.

ಇಂತಿ,
ತಮ್ಮ ಚರ್ಚೆಯನ್ನು ನಿತ್ಯ ನೋಡುವ,
ಒಬ್ಬ ನಿವೃತ್ತ ಉಪನ್ಯಾಸಕ